ಆಫೀಸಿಗೆ ತುಳಿದದ್ದು ಲೆಕ್ಕಕ್ಕೆ ಬರುತ್ತದೆಯೇ?

ಭಾನುವಾರ ನಸುಕಿನಲ್ಲಿ ಬಳ್ಳಾರಿ ರಸ್ತೆಯಲ್ಲಿ ನಂದಿಬೆಟ್ಟದ ಕಡೆ ಹೊರಟವರಿಗೆ ಸೈಕಲ್ಲುಗಳ ಸಾಲು ಸಿಗುತ್ತದೆ. ಹಿಂದೆ ಮಿಣುಕುವ ಕೆಂಪು ದೀಪ, ಮೈಗಂಟಿದ ಜೆರ್ಸಿ, ಬೆನ್ನ ಜೇಬಿನಲ್ಲಿ ಬಾಳೆಹಣ್ಣು. ಬೆಟ್ಟದ ಏಳೆಂಟು ಕಿಲೋಮೀಟರ್ ಏರನ್ನು ಯಾರು ಎಷ್ಟು ನಿಮಿಷದಲ್ಲಿ ಮುಗಿಸಿದರು ಎನ್ನುವುದೇ ಆಮೇಲೆ ಇಡ್ಲಿ ತಟ್ಟೆಯ ಮುಂದಿನ ಮಾತು. ಸೋಮವಾರ ಬೆಳಿಗ್ಗೆ ಅದೇ ಬೆಂಗಳೂರಿನ ಒಳರಸ್ತೆಗಳಲ್ಲಿ ಇನ್ನೊಂದು ಸಾಲು ಕಾಣುತ್ತದೆ. ಕ್ಯಾರಿಯರಿಗೆ ಊಟದ ಡಬ್ಬಿ ಸಿಕ್ಕಿಸಿದ ಗಾರೆ ಕೆಲಸದವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ಸೆಕ್ಯುರಿಟಿಯವರು, ಪೇಪರ್ ಹಾಕಿ ಕಾಲೇಜಿಗೆ ಓಡುವ ಹುಡುಗರು. ಇವರ ಸೈಕಲ್ಲಿಗೆ ಗೇರಿಲ್ಲ, ತಲೆಗೆ ಹೆಲ್ಮೆಟ್ಟಿಲ್ಲ, ತುಳಿದದ್ದನ್ನು ವ್ಯಾಯಾಮ ಎಂದು ಇವರು ಕರೆಯುವುದೂ ಇಲ್ಲ. ಭಾನುವಾರದ ಸಾಲಿನವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಕಾರಿನೊಳಗಿರುತ್ತಾರೆ.

ಈ ಎರಡು ಸಾಲುಗಳ ನಡುವೆ ಈಚೆಗೆ ಮೂರನೆಯದೊಂದು ತೆಳ್ಳಗೆ ಕಾಣಿಸಿಕೊಂಡಿದೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿ ಆಫೀಸಿಗೇ ಸೈಕಲ್ ತುಳಿಯುವವರ ಸಾಲು ಅದು. ಇವರಲ್ಲಿ ಕೆಲವರು ಭಾನುವಾರದ ಬಳಗದಿಂದಲೇ ಬಂದವರು. ಮದುವೆಯೋ ಮಗುವೋ ಬಡ್ತಿಯೋ ಬಂದು ಬೆಳಗಿನ ಎರಡು ತಾಸು ಕೈಬಿಟ್ಟು ಹೋಯಿತು. ಹೇಗೂ ಆಫೀಸಿಗೆ ಹೋಗಲೇಬೇಕಲ್ಲ, ಅಷ್ಟು ದೂರವನ್ನೇ ತುಳಿದರಾಯಿತು ಎಂದು ಹೊರಟರು. ಇವರ ತಲೆಯಲ್ಲಿ ಕೊರೆಯುವ ಪ್ರಶ್ನೆ ಒಂದಿದೆ. ಸಿಗ್ನಲ್ಲಿಗೊಮ್ಮೆ ಕಾಲೂರಿ ನಿಂತು, ಬಸ್ಸಿನ ಹಿಂದೆ ಹೊಗೆ ಕುಡಿದು, ನಲವತ್ತು ನಿಮಿಷ ತುಳಿದದ್ದು ಅಭ್ಯಾಸದ ಲೆಕ್ಕಕ್ಕೆ ಬರುತ್ತದೆಯೇ? ಅಥವಾ ಸಂಜೆ ಮನೆಗೆ ಬಂದ ಮೇಲೆ ‘ನಿಜವಾದ’ ವ್ಯಾಯಾಮ ಬೇರೆ ಮಾಡಬೇಕೇ?

ಬರುತ್ತದೆ. ಎಷ್ಟು ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎನ್ನುವಲ್ಲಿ ಮಾತ್ರ ಸ್ವಲ್ಪ ವಿವರ ಬೇಕು.

ಮೊದಲು ಸೋಮವಾರದ ಸಾಲಿನವರ ಸಂಖ್ಯೆ ನೋಡಬೇಕು. 2011ರ ಜನಗಣತಿ ಮೊದಲ ಬಾರಿಗೆ, ನೀವು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಜನರನ್ನು ಕೇಳಿತು. ಬೇಸಾಯ, ಮನೆ ಕೈಗಾರಿಕೆ ಬಿಟ್ಟು ಉಳಿದ ದುಡಿಮೆಯ ಸುಮಾರು 20 ಕೋಟಿ ಜನರಲ್ಲಿ ನೂರಕ್ಕೆ ಹದಿಮೂರು ಮಂದಿ ಸೈಕಲ್ ಎಂದರು. ಸ್ಕೂಟರು, ಬೈಕುಗಳಲ್ಲಿ ಹೋಗುವವರ ಪಾಲು ಅದಕ್ಕಿಂತ ಒಂದು ಎಳೆ ಕಡಿಮೆಯೇ ಇತ್ತು. ದೇಶದ ನೂರರಲ್ಲಿ 45 ಮನೆಗಳಲ್ಲಿ ಸೈಕಲ್ ಇತ್ತು. ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಈ ಚಿತ್ರ ಬದಲಾಗಿದೆ ಎನ್ನುವುದು ಯಾವ ಊರಿನ ಬೀದಿಗೆ ಹೋಗಿ ನಿಂತರೂ ತಿಳಿಯುತ್ತದೆ. ಆದರೂ ‘ಸೈಕಲ್ ಸಂಸ್ಕೃತಿ’ಯನ್ನು ಯುರೋಪಿನಿಂದ ತರಿಸಬೇಕು ಎಂಬಂತೆ ಮಾತಾಡುವ ಸಭೆಗಳಲ್ಲಿ ಈ ಅಂಕಿಯನ್ನು ಒಮ್ಮೆ ಓದಿ ಹೇಳುವುದು ಒಳ್ಳೆಯದು. ಕರ್ನಾಟಕದ ಸರ್ಕಾರಿ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಉಚಿತ ಸೈಕಲ್ ಹಂಚಿದ್ದರಿಂದ ಒಂದು ಇಡೀ ಪೀಳಿಗೆ ಶಾಲೆಗೆ ತುಳಿದೇ ಹೋಯಿತು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ಅದಕ್ಕೂ ಮೊದಲಿನಿಂದ ರಾಷ್ಟ್ರಮಟ್ಟದ ಸೈಕಲ್ ಸವಾರರನ್ನು ಕೊಡುತ್ತ ಬಂದಿವೆ.

ದುಡಿಮೆಯ ಭಾಗವಾಗಿಯೇ ನಡೆಯುವ ದೇಹಶ್ರಮ ಆರೋಗ್ಯಕ್ಕೆ ಒದಗುತ್ತದೆ ಎಂಬುದನ್ನು ಮೊದಲು ಅಳೆದು ತೋರಿಸಿದ್ದು ಲಂಡನ್ನಿನ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯ ಅಲ್ಲಿನ ಸಾರಿಗೆ ನೌಕರರ ಹೃದಯದ ಕಾಯಿಲೆಗಳ ಲೆಕ್ಕ ತೆಗೆದರು. ಡ್ರೈವರ್ ದಿನವಿಡೀ ಕೂತೇ ಇರುತ್ತಾನೆ. ಡಬಲ್ ಡೆಕರ್ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಅದೇ ಸಂಸ್ಥೆ, ಅದೇ ಬಸ್ಸು, ಹೆಚ್ಚುಕಡಿಮೆ ಅದೇ ವರ್ಗದ ಜನ. ಹಾಗಿದ್ದೂ ಕಂಡಕ್ಟರುಗಳಲ್ಲಿ ಹೃದಯದ ತೊಂದರೆ ಕಡಿಮೆ, ಬಂದರೂ ತಡವಾಗಿ, ಬಂದಾಗ ಸಾಯುವವರೂ ಕಡಿಮೆ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ವ್ಯಾಯಾಮಕ್ಕೂ ಹೃದಯಕ್ಕೂ ನಂಟಿದೆ ಎನ್ನುವುದೇ ಹಲವರಿಗೆ ಹೊಸ ಮಾತಾಗಿತ್ತು. ಮಾರಿಸ್ ತಮ್ಮ ಮಾತನ್ನು ತಾವೇ ಪಾಲಿಸಿ 99 ವರ್ಷ ಬದುಕಿದರು.  

ಸೈಕಲ್ಲಿನ ಬಗ್ಗೆಯೇ ನೇರವಾಗಿ ಹೇಳುವ ಅಧ್ಯಯನಗಳೂ ಇವೆ. ಕೋಪನ್‌ಹೇಗನ್ನಿನಲ್ಲಿ 30 ಸಾವಿರಕ್ಕೂ ಹೆಚ್ಚು ಜನರನ್ನು ಸರಾಸರಿ ಹದಿನಾಲ್ಕೂವರೆ ವರ್ಷ ಹಿಂಬಾಲಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನ ಅವುಗಳಲ್ಲಿ ಹೆಸರಾದದ್ದು. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗದವರ ಸಾವಿನ ಪ್ರಮಾಣ ಹೋಗುವವರದಕ್ಕಿಂತ ಶೇ 39ರಷ್ಟು ಹೆಚ್ಚಿತ್ತು. ಇಲ್ಲಿ ಗಮನಿಸಬೇಕಾದ್ದು ಒಂದು ಸಣ್ಣ ವಿವರ. ಬಿಡುವಿನ ಹೊತ್ತಿನಲ್ಲಿ ಯಾರು ಎಷ್ಟು ವ್ಯಾಯಾಮ ಮಾಡುತ್ತಾರೆ ಎನ್ನುವುದನ್ನು ಲೆಕ್ಕದಲ್ಲಿ ಕಳೆದ ಮೇಲೂ ಈ ಅಂತರ ಉಳಿದಿತ್ತು. ಅಂದರೆ ಭಾನುವಾರದ ಆಟ ಬೇರೆ, ವಾರದ ದಿನಗಳ ತುಳಿತ ಬೇರೆ. ಎರಡರ ಜಮೆಯೂ ಬೇರೆ ಬೇರೆ ಖಾತೆಗೆ.

ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಬ್ರಿಟನ್ನಿನ 2,63,450 ಜನರ ಮಾಹಿತಿ ಹಿಡಿದು ಇದೇ ಪ್ರಶ್ನೆ ಕೇಳಿದರು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಒಟ್ಟಾರೆ ಸಾವಿನ ಅಪಾಯ ಶೇ 41ರಷ್ಟು ಕಡಿಮೆ, ಕ್ಯಾನ್ಸರ್ ಶೇ 45, ಹೃದಯ ಮತ್ತು ರಕ್ತನಾಳದ ಕಾಯಿಲೆ ಶೇ 46ರಷ್ಟು ಕಡಿಮೆ. ಇಂಥ ಅಂಕಿಗಳನ್ನು ನೋಡಿದ ಕೂಡಲೇ ಹುರುಪಾಗುವ ಮೊದಲು ಒಂದು ಎಚ್ಚರ ಬೇಕು. ಸೈಕಲ್ ತುಳಿಯುವವರು ಮೊದಲೇ ಗಟ್ಟಿಮುಟ್ಟಾಗಿದ್ದುದರಿಂದಲೇ ತುಳಿಯುತ್ತಿರಬಹುದು. ಬರೀ ಗಮನಿಸುವ ಅಧ್ಯಯನಗಳು ಈ ಸಂಶಯವನ್ನು ಪೂರಾ ತೊಡೆದುಹಾಕಲಾರವು. ಸಂಶೋಧಕರು ವಯಸ್ಸು, ಸಿಗರೇಟು, ಊಟದಂಥ ಸಂಗತಿಗಳನ್ನು ಸರಿತೂಗಿಸಿದ್ದಾರೆ, ಅಷ್ಟೆ. ಅದೇ ಅಧ್ಯಯನದ ಇನ್ನೊಂದು ಮಾತು ಬೆಂಗಳೂರಿಗರಿಗೆ ಹೆಚ್ಚು ಉಪಯೋಗದ್ದು. ಅರ್ಧ ದಾರಿ ಬಸ್ಸು ರೈಲಿನಲ್ಲಿ ಹೋಗಿ ಇನ್ನರ್ಧ ಸೈಕಲ್ ತುಳಿದವರಿಗೂ ಲಾಭ ಸಿಕ್ಕಿತ್ತು. ಸಾವಿನ ಅಪಾಯ ಶೇ 24ರಷ್ಟು ಕಡಿಮೆ ಇತ್ತು. ನಮ್ಮ ಮೆಟ್ರೊ 2022ರಲ್ಲಿ ಮಡಚುವ ಸೈಕಲ್ಲುಗಳನ್ನು ರೈಲಿನೊಳಗೆ ಬಿಟ್ಟುಕೊಳ್ಳಲು ಒಪ್ಪಿದಾಗ ಅದು ಫ್ಯಾಷನ್ನಿನ ಸುದ್ದಿಯಂತೆ ಪ್ರಕಟವಾಯಿತು. ಅದು ಆರೋಗ್ಯದ ಪುಟದಲ್ಲಿ ಬರಬೇಕಿದ್ದ ಸುದ್ದಿ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಮನೆಯಿಂದ ಆಫೀಸು ಆರೇಳು ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗುವುದಕ್ಕೆ 25 ನಿಮಿಷ, ಬರುವುದಕ್ಕೆ 25. ಐದು ದಿನಕ್ಕೆ 250 ನಿಮಿಷ. ಜಿಮ್ಮಿಗೆ ಒಂದು ರೂಪಾಯಿ ಕಟ್ಟದೆ, ಅಲಾರಂ ಒಂದು ನಿಮಿಷವೂ ಹಿಂದಕ್ಕೆ ತಳ್ಳದೆ ವಾರದ ಪಾಲು ಮುಗಿಯಿತು.

ಇಷ್ಟು ಆರೋಗ್ಯದ ಮಾತಾಯಿತು. ಭಾನುವಾರದ ಬಳಗದಿಂದ ಬಂದವನಿಗೆ ಇದರಿಂದ ಸಮಾಧಾನವಿಲ್ಲ. ಅವನಿಗೆ ಬೇಕಾದ್ದು ಆಯುಷ್ಯಕ್ಕಿಂತ ಹೆಚ್ಚಾಗಿ ದಮ್ಮು. ಹಿಂದಿನ ವರ್ಷ ನಂದಿಬೆಟ್ಟ ಹತ್ತಿದ ಸಮಯಕ್ಕೆ ಈ ವರ್ಷವೂ ಹತ್ತಬೇಕು. ಅವನ ಪ್ರಶ್ನೆಗೆ ಉತ್ತರ ಇರುವುದು ಷಿಕಾಗೋದಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ರಾಬರ್ಟ್ ಹಿಕ್ಸನ್ ಎಂಬ ವಿಜ್ಞಾನಿ 1980ರ ದಶಕದ ಮೊದಲ ಅರ್ಧದಲ್ಲಿ ಮಾಡಿದ ಮೂರು ಪ್ರಯೋಗಗಳಲ್ಲಿ.

ಹಿಕ್ಸನ್ ಪ್ರಯೋಗದ ಅಡಿಪಾಯ ಸರಳ. ಒಂದಿಷ್ಟು ಜನರನ್ನು ಹತ್ತು ವಾರ ಚೆನ್ನಾಗಿ ದಂಡಿಸುವುದು: ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ, ಸೈಕಲ್ಲು ಮತ್ತು ಓಟ, ಏದುಸಿರು ಬರುವಷ್ಟು. ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎನ್ನುವುದೇ ದಮ್ಮಿನ ಅಳತೆ. ಸೈಕಲ್ ಬಳಗದವರು ಇದನ್ನು ವಿಒಟೂ ಮ್ಯಾಕ್ಸ್ ಎನ್ನುತ್ತಾರೆ. ಹತ್ತು ವಾರದಲ್ಲಿ ಅದು ನೂರಕ್ಕೆ ಇಪ್ಪತ್ತರ ಮೇಲೆ ಏರಿತು. ಆಮೇಲೆ ಶುರುವಾದದ್ದು ನಿಜವಾದ ಪ್ರಯೋಗ. ಗಳಿಸಿದ್ದನ್ನು ಕಾಪಾಡಿಕೊಳ್ಳಲು ಕನಿಷ್ಠ ಎಷ್ಟು ಬೇಕು?

ಮೊದಲ ಪ್ರಯೋಗದಲ್ಲಿ ದಿನಗಳನ್ನು ಕತ್ತರಿಸಿದರು. ಆರು ದಿನ ಮಾಡುತ್ತಿದ್ದವರಲ್ಲಿ ಕೆಲವರಿಗೆ ನಾಲ್ಕು ದಿನ, ಕೆಲವರಿಗೆ ಎರಡೇ ದಿನ. ಹದಿನೈದು ವಾರ ಕಳೆದರೂ ದಮ್ಮು ಇಳಿಯಲಿಲ್ಲ. ಎರಡನೆಯದರಲ್ಲಿ ನಿಮಿಷಗಳನ್ನು ಕತ್ತರಿಸಿದರು. 40 ನಿಮಿಷದ ಜಾಗದಲ್ಲಿ 26, ಇನ್ನು ಕೆಲವರಿಗೆ ಬರೀ 13. ಆಗಲೂ ದಮ್ಮು ಇಳಿಯಲಿಲ್ಲ. ಮೂರನೆಯದರಲ್ಲಿ ದಿನವನ್ನೂ ನಿಮಿಷವನ್ನೂ ಮುಟ್ಟದೆ ಬಿರುಸನ್ನು ಮಾತ್ರ ಕತ್ತರಿಸಿದರು. ಆರು ದಿನ, 40 ನಿಮಿಷ ಹಾಗೇ ಇರಲಿ, ತುಳಿಯುವುದು ಮಾತ್ರ ಹಗುರಾಗಿರಲಿ ಎಂದರು. ಈ ಸಲ ದಮ್ಮು ಇಳಿಯಿತು. ಬಿರುಸನ್ನು ಮೂರರಲ್ಲಿ ಎರಡು ಪಾಲು ಕಡಿಮೆ ಮಾಡಿದವರಲ್ಲಂತೂ ಗಳಿಸಿದ್ದರ ಬಹುಪಾಲು ಸೋರಿಹೋಯಿತು.

ಆಫೀಸಿಗೆ ತುಳಿಯುವವನ ಪಾಡು ಈ ಮೂರನೆಯ ಪ್ರಯೋಗದಲ್ಲೇ ಅಡಗಿದೆ. ಅವನಿಗೆ ದಿನಗಳು ಬೇಕಾದಷ್ಟಿವೆ, ನಿಮಿಷಗಳೂ ಇವೆ. ಇಲ್ಲದ್ದು ಬಿರುಸು. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಒದ್ದೆಯಾಗಬಾರದು ಎಂದು ನಿಧಾನಕ್ಕೆ ತುಳಿಯುತ್ತಾನೆ, ಸಿಗ್ನಲ್ಲು ನಿಲ್ಲಿಸುತ್ತದೆ, ಹಂಪುಗಳು ತಡೆಯುತ್ತವೆ. ವಾರಕ್ಕೆ ನೂರು ಕಿಲೋಮೀಟರ್ ದಾಖಲಾಗುತ್ತದೆ, ಬೆಟ್ಟದ ಬುಡದಲ್ಲಿ ಮಾತ್ರ ಉಸಿರು ಕೈಕೊಡುತ್ತದೆ. ಆಗ ಅವನು ದೂರ ಸಾಲದು ಅಂದುಕೊಂಡು ಇನ್ನಷ್ಟು ದೂರ ಸುತ್ತಿಬರುತ್ತಾನೆ. ಹಿಕ್ಸನ್ ಪ್ರಯೋಗಗಳನ್ನು ನಂಬುವುದಾದರೆ ಅದು ಸುತ್ತುಬಳಸಿನ ದಾರಿ. ವಾರದ ಹತ್ತು ಓಡಾಟಗಳಲ್ಲಿ ಎರಡನ್ನು ಬಿರುಸಾಗಿಸಿದರೆ ಸಾಕು, ಉಳಿದ ಎಂಟು ಇದ್ದಂತೆಯೇ ಇರಲಿ.

ಯಾವ ಎರಡು? ಸಂಜೆಯವು. ಮನೆಗೆ ಹೋದ ಮೇಲೆ ಹೇಗೂ ಸ್ನಾನ ಇದ್ದೇ ಇದೆ, ಅಂಗಿಯ ಚಿಂತೆಯಿಲ್ಲ. ಮಂಗಳವಾರ, ಗುರುವಾರ ಎಂದಿಟ್ಟುಕೊಂಡು ಆ ದಿನ ದಾರಿ ಬದಲಿಸುವುದು. ವಾಹನ ಕಡಿಮೆ ಇರುವ, ಒಂದು ದಿಬ್ಬ ಇರುವ ಬಡಾವಣೆಯ ರಸ್ತೆ ಹುಡುಕಬೇಕು. ಕರ್ನಾಟಕದ ಊರುಗಳಿಗೆ ಈ ವಿಷಯದಲ್ಲಿ ಬಡತನವಿಲ್ಲ. ಬೆಂಗಳೂರು ಏರಿಳಿತದ ಊರು.  ಮಂಗಳೂರಿನಲ್ಲಿ ಗುಡ್ಡ ಹತ್ತದೆ ಪೇಟೆಗೆ ಹೋಗುವುದೇ ಕಷ್ಟ. ಮೈಸೂರಿನವರಿಗೆ ಚಾಮುಂಡಿ ಬೆಟ್ಟವೇ ಇದೆ. ಮೂರ್ನಾಲ್ಕು ನಿಮಿಷ ಮಾತಾಡಲಾಗದಷ್ಟು ಜೋರಾಗಿ ದಿಬ್ಬ ಏರುವುದು, ಹಗುರವಾಗಿ ಇಳಿದು ಬರುವುದು, ಇದನ್ನು ನಾಲ್ಕು ಸಲ ಮಾಡುವುದು. ಬಿರುಸನ್ನು ಅಳೆಯಲು ಕೈಗಡಿಯಾರ, ಎದೆಗೆ ಕಟ್ಟುವ ಪಟ್ಟಿ ಯಾವುದೂ ಬೇಡ. ಪಕ್ಕದಲ್ಲಿ ಯಾರಾದರೂ ಬಂದು ದಾರಿ ಕೇಳಿದರೆ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಲಾಗುತ್ತಿದ್ದರೆ ಅದು ಹಗುರ. ಕೈಸನ್ನೆಯಲ್ಲೇ ತೋರಿಸಬೇಕಾಗಿ ಬಂದರೆ ಬಿರುಸು. ಮುಖ್ಯರಸ್ತೆಯ ಫ್ಲೈಓವರಿನಲ್ಲಿ ಈ ಸಾಹಸ ಕೂಡದು. ನಲವತ್ತು ದಾಟಿ ಬಹಳ ಕಾಲ ಮೈ ದಂಡಿಸದವರು, ಸಕ್ಕರೆ ಕಾಯಿಲೆ ಅಥವಾ ಎದೆಯ ತೊಂದರೆ ಇದ್ದವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು.

ಹಿಕ್ಸನ್ ಲೆಕ್ಕಕ್ಕೂ ಒಂದು ಮಿತಿಯಿದೆ. 13 ನಿಮಿಷದ ಗುಂಪಿನವರಲ್ಲಿ ದಮ್ಮು ಉಳಿದರೂ ಬಹಳ ಹೊತ್ತು ಬಿಡದೆ ತುಳಿಯುವ ತಾಳಿಕೆ ಶೇ 10ರಷ್ಟು ಇಳಿದಿತ್ತು. ಬ್ರೆವೆಗಳಿಗೆ ಹೋಗುವವರಿಗೆ ಇದು ಮುಖ್ಯ. ಬ್ರೆವೆ ಎಂದರೆ ಫ್ರಾನ್ಸಿನಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲೂ ಬೇರು ಬಿಟ್ಟಿರುವ ದೂರ ಸವಾರಿ. ಇಲ್ಲಿ ಗೆಲುವು ಸೋಲಿಲ್ಲ. ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕು, ಅಷ್ಟೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಭಾಗಿಸಿ ನೋಡಿದರೆ ಎರಡಕ್ಕೂ ಬರುವುದು ಗಂಟೆಗೆ ಸುಮಾರು 15 ಕಿಲೋಮೀಟರ್, ಆಫೀಸಿಗೆ ಹೋಗುವ ನಿಧಾನಗತಿಯೇ. ವೇಗ ಎಲ್ಲರಲ್ಲೂ ಇದೆ. ಆ ವೇಗದಲ್ಲಿ ಹಗಲಿಡೀ ಸೀಟಿನ ಮೇಲೆ ಕೂರುವುದು, ಕುತ್ತಿಗೆ, ಅಂಗೈ, ಕುಂಡೆ ಇವೆಲ್ಲ ಅದಕ್ಕೆ ಒಪ್ಪುವುದು ಬೇರೆ ವಿದ್ಯೆ, ಅದು ಭಾನುವಾರದ ಉದ್ದ ಸವಾರಿಯಿಂದಲೇ ಬರಬೇಕು. ಹಾಗಾಗಿ ಭಾನುವಾರದ ಬಳಗಕ್ಕೆ ರಾಜೀನಾಮೆ ಕೊಡುವ ಅಗತ್ಯವಿಲ್ಲ. ತಿಂಗಳಿಗೆ ಒಂದೆರಡು ಸಲ ಹೋದರೂ ನಡೆಯುತ್ತದೆ.

ಪೂರ್ತಿ ನಿಲ್ಲಿಸಿಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಅಳೆದವರಿದ್ದಾರೆ. ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು 1984ರಲ್ಲಿ, ವರ್ಷಗಟ್ಟಲೆ ಅಭ್ಯಾಸ ಮಾಡಿದ ಏಳು ಜನ ಓಟಗಾರ, ಸೈಕಲ್ ಸವಾರರನ್ನು 84 ದಿನ ಸುಮ್ಮನೆ ಕೂರಿಸಿದರು. ಮೊದಲ ಮೂರು ವಾರದಲ್ಲಿ ದಮ್ಮು ಶೇ 7 ಇಳಿಯಿತು, ಕೊನೆಗೆ ಇಳಿಕೆ ಶೇ 16ಕ್ಕೆ ಬಂದು ನಿಂತಿತು. ಮೊದಲು ಕುಗ್ಗಿದ್ದು ಮೈಯಲ್ಲಿರುವ ರಕ್ತದ ಪ್ರಮಾಣ ಮತ್ತು ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ. ಮಾಂಸಖಂಡಗಳ ಸಣ್ಣ ರಕ್ತನಾಳಗಳು ಬಹುಮಟ್ಟಿಗೆ ಹಾಗೇ ಉಳಿದಿದ್ದವು. ಹಳೆಯ ಸವಾರರು ಬಿಟ್ಟು ಬಂದರೂ ಬೇಗ ಹದಕ್ಕೆ ಬರುವುದರ ಗುಟ್ಟಿನಲ್ಲಿ ಇದಕ್ಕೂ ಒಂದು ಪಾಲಿರಬೇಕು.

ಇದಕ್ಕಿಂತ ಬೆಚ್ಚಿಬೀಳಿಸುವುದು ಅಮೆರಿಕದ ಡಲ್ಲಾಸಿನ ಕಥೆ. 1966ರಲ್ಲಿ ಅಲ್ಲಿ ಇಪ್ಪತ್ತು ವರ್ಷದ ಐವರು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಕಾಯಿಲೆಯೇನೂ ಇಲ್ಲ, ಬರೀ ಮಲಗುವುದು. ದಮ್ಮು ಕಾಲು ಭಾಗಕ್ಕೂ ಹೆಚ್ಚು ಬಿದ್ದುಹೋಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು, ಈಗ ಐವತ್ತರ ಗಂಡಸರನ್ನು, ಮತ್ತೆ ಕರೆಸಿ ಅಳೆದರು. ಮೂವತ್ತು ವರ್ಷದ ಮುಪ್ಪು ಅವರಲ್ಲಿ ಒಬ್ಬರಿಗೂ ಆ ಮೂರು ವಾರದ ಹಾಸಿಗೆಯಷ್ಟು ನಷ್ಟ ಮಾಡಿರಲಿಲ್ಲ. ಮಳೆಗಾಲದಲ್ಲಿ ಸೈಕಲ್ಲನ್ನು ಮೂಲೆಗೆ ಒರಗಿಸಿ, ಗಾಳಿ ಇಳಿದ ಟೈರನ್ನು ದಸರಾ ಕಳೆದ ಮೇಲೆ ನೋಡುವವರು ಈ ಕಥೆಯನ್ನು ನೆನಪಿಟ್ಟುಕೊಳ್ಳಬಹುದು. ಸಂಜೆ ಮಳೆ ಸುರಿಯುವ ಬೆಂಗಳೂರಿನ ಸೆಪ್ಟೆಂಬರಿನಲ್ಲೂ ಬೆಳಗಿನ ಹೊತ್ತು ಸಾಮಾನ್ಯವಾಗಿ ಒಣಗಿಯೇ ಇರುತ್ತದೆ.

ಕೆಲಸ ಬಿಡದೆ ಅಭ್ಯಾಸ ಉಳಿಸಿಕೊಂಡವರಲ್ಲಿ ಇಂಗ್ಲೆಂಡಿನ ಬೆರಿಲ್ ಬರ್ಟನ್ ಹೆಸರು ಮೊದಲು ಬರಬೇಕು. ಸಣ್ಣವರಿದ್ದಾಗ ಸಂಧಿವಾತ ಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವರು. ಮೈ ದಂಡಿಸಬೇಡ ಎಂದು ವೈದ್ಯರು ಹೇಳಿದ್ದರು. ಅವರು ಎಂದೂ ವೃತ್ತಿಪರ ಸವಾರರಾಗಲಿಲ್ಲ. ಯಾರ್ಕ್‌ಷೈರಿನಲ್ಲಿ ರೂಬಾರ್ಬ್ ಬೆಳೆಯುವ ತೋಟವೊಂದರಲ್ಲಿ ಕೂಲಿ ಕೆಲಸ, ಮನೆಯಲ್ಲಿ ಗಂಡ, ಮಗಳು, ಉಳಿದ ಹೊತ್ತಿನಲ್ಲಿ ಸೈಕಲ್ಲು. ಎರಡು ಸಲ ರಸ್ತೆ ಸವಾರಿಯಲ್ಲಿ, ಐದು ಸಲ ಟ್ರ್ಯಾಕಿನ ಪರ್ಸ್ಯೂಟ್ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದರು. ಬ್ರಿಟನ್ನಿನ ಅತ್ಯುತ್ತಮ ಸವಾರಿಣಿ ಪಟ್ಟ ಸತತ 25 ವರ್ಷ ಅವರ ಬಳಿಯೇ ಇತ್ತು. 1967ರ ಹನ್ನೆರಡು ಗಂಟೆಗಳ ಸ್ಪರ್ಧೆಯಲ್ಲಿ ಅವರು 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರ್ ತುಳಿದರು. ಅದು ಹೆಂಗಸರ ದಾಖಲೆಯಷ್ಟೇ ಆಗಿರಲಿಲ್ಲ. ಅದೇ ದಿನ ಗಂಡಸರ ದಾಖಲೆ ಮುರಿಯುತ್ತಿದ್ದ ಮೈಕ್ ಮೆಕ್‌ನಮಾರ ಅವರನ್ನೂ ದಾಟಿ ಹೋದರು. ದಾಟುವಾಗ ಪಕ್ಕಕ್ಕೆ ಬಂದು ಅವರಿಗೊಂದು ಲಿಕರಿಸ್ ಮಿಠಾಯಿ ಕೊಟ್ಟರು ಎನ್ನುವುದು ಸೈಕಲ್ ಜಗತ್ತಿನ ಅಚ್ಚುಮೆಚ್ಚಿನ ಕಥೆ. ಹೆಂಗಸರಲ್ಲಿ ಆ ದಾಖಲೆ ಮುರಿಯಲು 2017ರವರೆಗೆ, ಐವತ್ತು ವರ್ಷ ಕಾಯಬೇಕಾಯಿತು.

ಬರ್ಟನ್ನರ ತೋಟದ ಕೆಲಸವೇ ಅವರ ಅರ್ಧ ವ್ಯಾಯಾಮವಾಗಿತ್ತು ಎಂದು ಸೈಕಲ್ ಬಲ್ಲವರು ಹೇಳುವುದುಂಟು. ಕುರ್ಚಿಯ ಕೆಲಸದವರಿಗೆ ಆ ಅನುಕೂಲವಿಲ್ಲ. ಸೈಕಲ್ಲು ಹೃದಯಕ್ಕೂ ತೊಡೆಗೂ ಮೀನಖಂಡಕ್ಕೂ ಕೊಡುವಷ್ಟನ್ನು ಮೂಳೆಗೆ ಕೊಡುವುದಿಲ್ಲ. ಮೈಭಾರ ಸೀಟಿನ ಮೇಲಿರುವುದರಿಂದ ಮೂಳೆಗೆ ಹೊರೆ ಬೀಳದು. ಆಫೀಸಿನಲ್ಲಿ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುವುದು, ವಾರಕ್ಕೆ ಎರಡು ದಿನ ಬಸ್ಕಿ ದಂಡ ಹೊಡೆಯುವುದು ಇದರ ಜೊತೆಗೆ ಬೇಕು.

ಇನ್ನು ಸೈಕಲ್ಲಿನ ಕಡೆ. ನಮ್ಮ ರಸ್ತೆಗಳಲ್ಲಿ ಮಂಡಿನೋವು ಎನ್ನುವವರಲ್ಲಿ ಹಲವರ ತಪ್ಪು ಸೀಟಿನ ಎತ್ತರದಲ್ಲಿರುತ್ತದೆ. ನಿಂತಾಗ ಎರಡೂ ಕಾಲು ನೆಲಕ್ಕೆ ಪೂರ್ತಿ ತಾಗಬೇಕು ಎಂದು ಸೀಟನ್ನು ತಗ್ಗಿಸಿಟ್ಟಿರುತ್ತಾರೆ. ತುಳಿಯುವಾಗ ಮಂಡಿ ಎದೆಯ ಕಡೆ ಮಡಚಿ ಮಡಚಿ ಸವೆಯುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸುವೇ ಬಾಗಿರುತ್ತದೆ. ಇಷ್ಟು ಮಾಡಲು ಸೈಕಲ್ ಶಾಪಿನಲ್ಲಿ ಐದು ನಿಮಿಷ ಸಾಕು. ಗೇರಿದ್ದವರು ಭಾರದ ಗೇರಿನಲ್ಲಿ ಹಿಂಡಿ ಹಿಂಡಿ ತುಳಿಯುವ ಚಟ ಬಿಟ್ಟು, ಹಗುರ ಗೇರಿನಲ್ಲಿ ಕಾಲನ್ನು ಬೇಗ ತಿರುಗಿಸಬೇಕು. ಲ್ಯಾಪ್‌ಟಾಪ್ ಬೆನ್ನಿನಿಂದ ಕ್ಯಾರಿಯರಿಗೆ ಇಳಿಯಲಿ. ಬೆನ್ನಿನ ಬೆವರಿನಲ್ಲಿ ಅರ್ಧ ಆ ಚೀಲದ್ದೇ. ಪಂಕ್ಚರ್ ಅಂಗಡಿಗಳು ಎರಡು ಕಿಲೋಮೀಟರಿಗೊಂದು ಸಿಗುವ ಊರಿನಲ್ಲಿ ಬಿಡಿ ಟ್ಯೂಬು ಯಾಕೆ ಎನ್ನುವವರು, ಆ ಅಂಗಡಿಗಳು ಬೆಳಿಗ್ಗೆ ಹತ್ತರ ಮೊದಲು ಬಾಗಿಲು ತೆರೆಯುತ್ತವೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.

ಹೊಗೆಯ ಪ್ರಶ್ನೆ ಉಳಿಯಿತು. ಏದುಸಿರಿನಲ್ಲಿ ಹೆಚ್ಚು ಗಾಳಿ ಎಳೆಯುವವನು ಹೆಚ್ಚು ವಿಷ ಎಳೆಯುವುದಿಲ್ಲವೇ? ಎಳೆಯುತ್ತಾನೆ. ಕೇಂಬ್ರಿಜ್‌ನ ಸಂಶೋಧಕರ ತಂಡವೊಂದು 2016ರಲ್ಲಿ ಇದರ ತಕ್ಕಡಿ ತೂಗಿತು. ಗಾಳಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ದೂಳು ಘನ ಮೀಟರಿಗೆ 100 ಮೈಕ್ರೋಗ್ರಾಂ ಇರುವ ಊರಿನಲ್ಲಿ ಕೂಡ ದಿನಕ್ಕೆ ಒಂದೂವರೆ ಗಂಟೆ ತುಳಿಯುವವರೆಗೆ ಲಾಭದ ತಟ್ಟೆಯೇ ಕೆಳಗಿರುತ್ತದೆ ಎಂಬುದು ಅವರ ಲೆಕ್ಕ. ಬೆಂಗಳೂರಿನ ವಾರ್ಷಿಕ ಸರಾಸರಿ ಅದಕ್ಕಿಂತ ಬಹಳ ಕೆಳಗಿದೆ. ಅಂದಮಾತ್ರಕ್ಕೆ ಡೀಸೆಲ್ ಬಸ್ಸಿನ ಕೊಳವೆಗೆ ಮೂಗಿಟ್ಟು ಹೋಗಬೇಕೆಂದಲ್ಲ. ಮುಖ್ಯರಸ್ತೆಗೆ ಸಮಾನಾಂತರವಾಗಿ ಓಡುವ ಒಳರಸ್ತೆ ಸಾಮಾನ್ಯವಾಗಿ ಒಂದಾದರೂ ಇರುತ್ತದೆ, ಅಲ್ಲಿ ಹೊಗೆಯೂ ಕಡಿಮೆ, ಜೀವಭಯವೂ ಕಡಿಮೆ.

ಜೀವಭಯವನ್ನು ಯಾವ ಅಧ್ಯಯನವೂ ಸಮಾಧಾನ ಹೇಳಿ ಕಳಿಸಲಾರದು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆಂದೇ ಪಥ ಬಿಡಿಸಿದರು. ಕೆಲವೇ ದಿನಗಳಲ್ಲಿ ಬೈಕುಗಳು ಅದರೊಳಗೆ ಹೊಕ್ಕವು, ಮೆಟ್ರೊ ಕಾಮಗಾರಿ ಬಂತು, ಪಥ ಕರಗಿತು. ಅದಕ್ಕೂ ಮುಂಚಿನ ಜಯನಗರದ ಸೈಕಲ್ ಪಥಗಳು ಕಾರು ನಿಲ್ಲಿಸುವ ಜಾಗಗಳಾದವು. ಮೈಸೂರು ಮಾತ್ರ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಶುರುಮಾಡಿತು. 450 ಸೈಕಲ್, 48 ನಿಲ್ದಾಣಗಳ ಆ ಬಾಡಿಗೆ ವ್ಯವಸ್ಥೆ, ಸೈಕಲ್ ಕೊಳ್ಳದೆಯೂ ತುಳಿದು ಕೆಲಸಕ್ಕೆ ಹೋಗಬಹುದು ಎಂದು ತೋರಿಸಿತು. ಬೆಂಗಳೂರಿನಲ್ಲಿ ಸೈಕಲ್ ಮೇಯರ್ ಎಂದು ಗುರುತಿಸಲ್ಪಟ್ಟ ಸತ್ಯ ಶಂಕರನ್ ಅವರ ‘ಸೈಕಲ್ ಟು ವರ್ಕ್’ ಅಭಿಯಾನ ಕಂಪನಿ ಕಂಪನಿಗಳ ನಡುವೆ, ಯಾರ ನೌಕರರು ಹೆಚ್ಚು ತುಳಿದರು ಎಂಬ ಪೈಪೋಟಿಯನ್ನೇ ಹಚ್ಚಿತು. ಪಥ ಹಾಕದ ಊರಿನಲ್ಲಿ ಪೈಪೋಟಿ ಹಚ್ಚುವುದು ಸ್ವಲ್ಪ ಕ್ರೂರ ತಮಾಷೆಯಂತೆ ಕಂಡರೂ, ತುಳಿಯುವವರ ಸಂಖ್ಯೆ ಕಣ್ಣಿಗೆ ಬೀಳದ ಹೊರತು ಪಥ ಹಾಕುವವರೂ ಏಳುವುದಿಲ್ಲ.

ಸಮಯದ ಲೆಕ್ಕದಲ್ಲಿ ಮಾತ್ರ ಸೈಕಲ್ಲಿಗೆ ಬೆಂಗಳೂರೇ ಉಪಕಾರ ಮಾಡಿದೆ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ನಗರದ ಕೇಂದ್ರಭಾಗದಲ್ಲಿ ಕಾರು ಹತ್ತು ಕಿಲೋಮೀಟರ್ ದಾಟಲು ತೆಗೆದುಕೊಂಡ ಸರಾಸರಿ ಸಮಯ 29 ನಿಮಿಷ 10 ಸೆಕೆಂಡ್. ಅಂದರೆ ಗಂಟೆಗೆ ಇಪ್ಪತ್ತೂವರೆ ಕಿಲೋಮೀಟರ್. ಆರಾಮವಾಗಿ ತುಳಿಯುವವನಿಗೆ ಅಷ್ಟೇ ದೂರಕ್ಕೆ ನಲವತ್ತು ನಿಮಿಷ ಹಿಡಿದೀತು. ಹನ್ನೊಂದು ನಿಮಿಷದ ವ್ಯತ್ಯಾಸ, ಅದರಲ್ಲೂ ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತು ಸೇರಿಲ್ಲ.

ಇಪ್ಪತ್ತೂವರೆ ಎಂಬ ಅಂಕಿಯನ್ನು ಇಟ್ಟುಕೊಂಡು ಕೊನೆಯ ಸವಾರನನ್ನು ನೋಡಬಹುದು. ಫ್ರಾನ್ಸಿನ ರಾಬರ್ಟ್ ಮಾರ್ಷಾಂ ಹರೆಯದಲ್ಲಿ ಸ್ವಲ್ಪ ಸೈಕಲ್ ತುಳಿದು, ಬದುಕಿನ ಬೇರೆ ಬೇರೆ ದುಡಿಮೆಗಳಲ್ಲಿ ಅದನ್ನು ಬಿಟ್ಟು, 68ನೇ ವಯಸ್ಸಿನಲ್ಲಿ ಮತ್ತೆ ಸೀಟು ಹತ್ತಿದವರು. ನೂರು ತುಂಬಿದಾಗ ಒಂದು ಗಂಟೆಯಲ್ಲಿ 24.25 ಕಿಲೋಮೀಟರ್ ತುಳಿದು ಆ ವಯಸ್ಸಿನ ದಾಖಲೆ ಮಾಡಿದರು. ಅಲ್ಲಿಂದ ವೆರೊನಿಕ್ ಬಿಯಾ ಎಂಬ ವಿಜ್ಞಾನಿ ಅವರ ಅಭ್ಯಾಸವನ್ನು ಕೈಗೆತ್ತಿಕೊಂಡರು. ವರ್ಷಕ್ಕೆ 5,000 ಕಿಲೋಮೀಟರ್. ಅದರಲ್ಲಿ ನೂರಕ್ಕೆ ಎಂಬತ್ತು ಹಗುರ, ಇಪ್ಪತ್ತು ಬಿರುಸು. ವಾರದ ಹತ್ತು ಓಡಾಟಗಳಲ್ಲಿ ಎರಡು ಬಿರುಸು ಎಂಬ ಲೆಕ್ಕವೇ. 101ರಿಂದ 103ರ ನಡುವೆ ಆ ಮುದುಕನ ದಮ್ಮು ಶೇ 13ರಷ್ಟು ಏರಿತು. 102ರಲ್ಲಿ ಒಂದು ಗಂಟೆಗೆ 26.927 ಕಿಲೋಮೀಟರ್ ತುಳಿದು ತಮ್ಮದೇ ದಾಖಲೆ ಮುರಿದರು.

2017ರ ಜನವರಿಯಲ್ಲಿ, 105 ವರ್ಷದ ಮಾರ್ಷಾಂ ಪ್ಯಾರಿಸಿನ ಹತ್ತಿರದ ವೆಲೊಡ್ರೋಮಿನಲ್ಲಿ ಮತ್ತೆ ಒಂದು ಗಂಟೆ ತುಳಿದರು. 22.547 ಕಿಲೋಮೀಟರ್. 2022ರ ಬೆಂಗಳೂರಿನ ಕಾರಿಗಿಂತ ಎರಡು ಕಿಲೋಮೀಟರ್ ಮುಂದೆ. ಇಳಿದ ಮೇಲೆ ಅವರ ದೂರು ಒಂದೇ: ಇನ್ನು ಹತ್ತು ನಿಮಿಷ ಬಾಕಿ ಎಂದು ತೋರಿಸಿದ ಹಲಗೆ ಕಣ್ಣಿಗೆ ಬೀಳಲಿಲ್ಲವಂತೆ, ಬಿದ್ದಿದ್ದರೆ ಇನ್ನೂ ಜೋರಾಗಿ ತುಳಿಯುತ್ತಿದ್ದರಂತೆ.